ಗಾಳಿ ವಿಭಾಗದ ಅಳಿಯಂದ್ರಿಗೆ

ಫೆಬ್ರವರಿ 3

ಅಳಿಯಂದ್ರೇ,

ನನ್ನ ಮಗಳು ಫೋನ್ ಮಾಡಿ ಹೇಳಿದಳು. ನಿಮ್ಮನ್ನು ಇಂಧನ ಇಲಾಖೆಯ ಗಾಳಿ ವಿಭಾಗಕ್ಕೆ ಹಾಕಿದ್ದಾರಂತೆ! (ಒಳ್ಳೆ ಸುದ್ದಿ ತಂದಾಗ ಅವಳು ನನ್ನ ಮಗಳು. ತಿಂಗಳುಗಟ್ಟಲೆ ಫೋನ್ ಮಾಡದಿದ್ದಾಗ ನಿಮ್ಮ ಹೆಂಡತಿ.) ನಾನು ಕೂಗಿದ ಕೂಗಿಗೆ, ನನ್ನ ಜೊತೆ ಗಾಳಿಯಂತ್ರ ಹತ್ತುವ ನಮ್ಮ ಉದ್ದಣ್ಣ ಯಾರಿಗೋ ಏಟು ಬಿತ್ತು ಅಂದುಕೊಂಡು ಔಷಧಿ ಪೆಟ್ಟಿಗೆ ಹಿಡಿದು ಶೆಡ್ಡಿಗೆ ಓಡಿಬಂದ. ವಿಷಯ ತಿಳಿದ ಮೇಲೆ ಅವನೇ ಎಲ್ಲರಿಗೂ ಟೀ ಮಾಡಿಕೊಟ್ಟ. ಈ ಬೆಟ್ಟಕ್ಕೆ ಬಂದಾಗಿನಿಂದ ಅವನು ಒಲೆ ಹಚ್ಚಿದ್ದನ್ನು ನಾನು ಕಂಡಿರಲಿಲ್ಲ.

ನೀವು ಫೋನಿನಲ್ಲಿ "ಹೂಂ ಅತ್ತೆ, ಹೌದು ಅತ್ತೆ" ಬಿಟ್ಟರೆ ಬೇರೆ ಮಾತೇ ಆಡುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದಲ್ಲಿ ಬರೀ ಹೂಂ ಅಂತ ಬರೆದು ಕಳಿಸಿದರೆ ಅಂಚೆಯವನೂ ನಗುತ್ತಾನೆ, ನೆನಪಿರಲಿ.

ನಮ್ಮ ಪರಿಸ್ಥಿತಿ ನಿಮಗೆ ಅರ್ಧ ಗೊತ್ತು, ಇನ್ನರ್ಧ ಕೇಳಿ. ಬೆಟ್ಟದ ಮೇಲಿನ ಇಪ್ಪತ್ತೆರಡು ಗಾಳಿಯಂತ್ರಗಳಿಗೂ ವಯಸ್ಸಾಯಿತು. ಸರ್ಕಾರದ ಜೊತೆಗಿನ ಒಪ್ಪಂದ ಮುಂದಿನ ವರ್ಷದ ಕೊನೆಗೆ ಮುಗಿಯುತ್ತದೆ. ಆಮೇಲೆ ಈ ಕರೆಂಟನ್ನು ಕೊಳ್ಳುವವರಿಲ್ಲ. ಹೊಸ ಯಂತ್ರ ನಿಲ್ಲಿಸೋಣವೆಂದರೆ ಅನುಮತಿ ಕೊಡುವುದನ್ನು ನಿಲ್ಲಿಸಿ ವರ್ಷಗಳೇ ಆದವು. ಅಂದರೆ ಬೆಟ್ಟ ಬಂದ್. ನಾವು ಹನ್ನೊಂದು ಜನ, ಹತ್ತುವುದು, ಇಳಿಯುವುದು, ಬೋಲ್ಟ್ ಬಿಗಿ ಮಾಡುವುದು ಬಿಟ್ಟರೆ ಬೇರೇನೂ ಬಾರದವರು, ದಿಕ್ಕಿಗೊಬ್ಬರಾಗಿ ಚದುರಬೇಕು. ಐವತ್ತೈದರ ಈ ಹೆಂಗಸನ್ನು ಇನ್ಯಾವ ಬೆಟ್ಟ ಕರೆಯುತ್ತದೆ ಹೇಳಿ.

ಹೊಸ ನೀತಿ ಬರುತ್ತದೆ ಅಂತ ಸುದ್ದಿಯಿದೆ. ಅದರಲ್ಲಿ ನಮ್ಮ ಬೆಟ್ಟದ ಗತಿ ಏನು? ಎರಡೇ ಸಾಲು ಬರೆಯಿರಿ ಸಾಕು. ಯಾರಿಗೂ ಹೇಳುವುದಿಲ್ಲ. ಹತ್ತು ಜನಕ್ಕೆ ಮಾತ್ರ ಹೇಳುತ್ತೇನೆ.

ನಿಮ್ಮ ಅತ್ತೆ


ಫೆಬ್ರವರಿ 19

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಕಾಗದ ತಲುಪಿತು. ಹೂಂ.

(ಅಂಚೆಯವನು ನಗಲಿಲ್ಲ. ಇದು ನನ್ನ ಮೊದಲ ತಮಾಷೆ, ದಯವಿಟ್ಟು ಉದ್ದಣ್ಣನವರಿಗೂ ತಿಳಿಸಿ.)

ಈ ವಿಭಾಗಕ್ಕೆ ಬಂದದ್ದು ನನಗೂ ಖುಷಿಯೇ. ಆದರೆ ಬಂದ ಮೊದಲ ದಿನವೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಕರಡು ನೀತಿ ಹೊರಬರುವ ತನಕ ಅದರೊಳಗೆ ಏನಿದೆ ಅಂತ ಮನೆಯಲ್ಲೂ ಬಾಯಿ ಬಿಡುವಂತಿಲ್ಲ. ನಿಮ್ಮ ಮಗಳು ಎಷ್ಟು ಪ್ರಯತ್ನ ಮಾಡಿದಳೆಂದರೆ, ಹಲ್ಲಿನ ಡಾಕ್ಟರಾದ ಅವಳು ನನ್ನ ಬಾಯಿ ಪೂರ್ತಿ ತೆರೆಸಿ, ಕನ್ನಡಿ ಹಾಕಿ ನೋಡುತ್ತಾ, "ಈಗ ಹೇಳಿ, ಬೆಟ್ಟದ ಬಗ್ಗೆ ಏನು ಬರೀತಿದ್ದೀರಾ?" ಅಂದಳು. ಆ ಸ್ಥಿತಿಯಲ್ಲೂ ನಾನು ಹೇಳಲಿಲ್ಲ. ನನ್ನ ಮೇಲೆ ಬೇಸರ ಬೇಡ.

ಬೇರೆ ಸುದ್ದಿ ಏನೆಂದರೆ, ನಮ್ಮ ಕಚೇರಿಯ ಲಿಫ್ಟ್ ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ಸಿಕ್ಕಿಕೊಂಡು ನಿಂತುಬಿಟ್ಟಿದೆ. ರಿಪೇರಿಯವನು ಬಂದು ನೋಡಿ, "ಇದರ ಕಾಲ ಮುಗೀತು, ಬಿಡಿಭಾಗ ಎಲ್ಲೂ ಸಿಗಲ್ಲ" ಅಂತ ಹೇಳಿ ಹೋದ. ನಾವು ಮೆಟ್ಟಿಲು ಹತ್ತುತ್ತಿದ್ದೇವೆ. ನೀವು ದಿನಾ ಹತ್ತುವುದನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ಆದರೂ ಎರಡನೆಯ ಮಹಡಿಯಲ್ಲಿ ನಿಂತು ಗೋಡೆಯ ಕ್ಯಾಲೆಂಡರ್ ನೋಡುವ ನೆಪದಲ್ಲಿ ಉಸಿರು ತೆಗೆದುಕೊಳ್ಳುತ್ತೇನೆ.

ನಿಮ್ಮ ಅಳಿಯ


ಮಾರ್ಚ್ 8

ಅಳಿಯಂದ್ರೇ,

ಅಬ್ಬಬ್ಬಾ, ಎಂಥಾ ಜಾಣರು ನೀವು! ಬಾಯಿ ಬಿಡುವಂತಿಲ್ಲ ಅಂತ ಮೇಲೆ ಬರೆದು, ಕೆಳಗೆ ಎಲ್ಲವನ್ನೂ ಹೇಳಿಬಿಟ್ಟಿದ್ದೀರಲ್ಲ!

ನಿಮ್ಮ ಕಾಗದವನ್ನು ಊಟದ ಬಿಡುವಿನಲ್ಲಿ ಜೋರಾಗಿ ಓದಿದೆ. ಮೊದಲು ಯಾರಿಗೂ ಏನೂ ಹೊಳೆಯಲಿಲ್ಲ. ಆಮೇಲೆ ಉದ್ದಣ್ಣ ತಟ್ಟೆ ಕೆಳಗಿಟ್ಟು, "ಅಕ್ಕಾ, ಲಿಫ್ಟ್ ಅಂದ್ರೆ ಲಿಫ್ಟ್ ಅಲ್ಲ. ಮೇಲಕ್ಕೆ ಹೋಗೋದು, ಕೆಳಕ್ಕೆ ಬರೋದು, ಕಾಲ ಮುಗಿದದ್ದು, ಬಿಡಿಭಾಗ ಸಿಗದೇ ಇರೋದು. ಇನ್ನೇನದು? ನಮ್ಮ ಯಂತ್ರ!" ಅಂದ. ಎಲ್ಲರೂ ತಟ್ಟೆ ಬಿಟ್ಟು ಕಾಗದಕ್ಕೆ ಮುಗಿಬಿದ್ದರು. ಸಿಕ್ಕಿಕೊಂಡದ್ದು ಅಂದರೆ ಫೈಲು ಇಬ್ಬರು ಅಧಿಕಾರಿಗಳ ನಡುವೆ ಸಿಕ್ಕಿಕೊಂಡಿದೆ ಅಂತ ಒಬ್ಬರು, ಮೆಟ್ಟಿಲು ಅಂದರೆ ನಾವೇ ಹೋಗಿ ಕೇಳಬೇಕು ಅಂತ ಇನ್ನೊಬ್ಬರು. ಕ್ಯಾಲೆಂಡರ್ ಯಾಕೆ ಬಂತು ಅನ್ನುವುದರ ಮೇಲೆ ಜಗಳವೇ ಆಗಿ, ಮಧ್ಯಾಹ್ನ ಒಂದು ಯಂತ್ರ ಹತ್ತುವುದು ತಡವಾಯಿತು.

ಬಿಡಿಭಾಗದ ಮಾತಂತೂ ನೂರಕ್ಕೆ ನೂರು ನಿಜ. ನಮ್ಮ ಯಂತ್ರದಂಥದ್ದನ್ನು ಈಗ ಯಾವ ಕಾರ್ಖಾನೆಯೂ ಮಾಡುವುದಿಲ್ಲ. ಹೋದ ವಾರ ಸೋಂಬೇರಿಯ ಗೇರಿನ ಹಲ್ಲುಚಕ್ರ ಕಿತ್ತು ಗೊಣಗಮ್ಮನಿಗೆ ಹಾಕಿದೆವು. (ಎರಡೂ ಯಂತ್ರಗಳ ಹೆಸರು. ಇಪ್ಪತ್ತೆರಡಕ್ಕೂ ಹೆಸರಿಟ್ಟಿದ್ದೇವೆ, ಹೆಸರು ಹಿಡಿದು ಬೈಯಲು ಅನುಕೂಲ.) ಗೊಣಗಮ್ಮ ಈಗ ಗೊಣಗದೆ ತಿರುಗುತ್ತಿದ್ದಾಳೆ.

ನಾನು ಈ ಕೆಲಸಕ್ಕೆ ಸೇರಿದಾಗ ನಿಮ್ಮ ಹೆಂಡತಿಗೆ ಹಾಲುಹಲ್ಲು. ಆಗ ಸರ್ಕಾರ, ಗಾಳಿಯ ಕರೆಂಟನ್ನು ನಿಗದಿ ಬೆಲೆಗೆ ಇಪ್ಪತ್ತು ವರ್ಷ ನಾವೇ ಕೊಳ್ಳುತ್ತೇವೆ ಅಂತ ಒಂದು ಮಾತು ಕೊಟ್ಟಿತು ನೋಡಿ, ಒಂದೇ ಬೇಸಿಗೆಯಲ್ಲಿ ಬೆಟ್ಟದ ತುಂಬ ಯಂತ್ರ ಎದ್ದವು. ಲಾರಿ ಮೇಲೆ ಲಾರಿ, ರೆಕ್ಕೆ ತಿರುವಿನಲ್ಲಿ ತಿರುಗದೆ ಮನೆಯೊಂದರ ಕಾಂಪೌಂಡೇ ಒಡೆಯಬೇಕಾಯಿತು. ಆಮೇಲೆ ಬಂದವರು ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಪಕ್ಕದ ಬೆಟ್ಟದಲ್ಲಿ ಅಡಿಪಾಯಕ್ಕೆ ತೋಡಿದ ಗುಂಡಿಗಳು ಗುಂಡಿಗಳಾಗಿಯೇ ಉಳಿದವು. ಗಾಳಿ ಅಲ್ಲೂ ಇಲ್ಲೂ ಒಂದೇ, ಅಳಿಯಂದ್ರೇ. ಅದಕ್ಕೇ ನಾನು ನಿಮ್ಮ ತಲೆ ತಿನ್ನುವುದು.

ಇನ್ನೂ ಇಂಥದ್ದೇ ಸುದ್ದಿ ಬರೆಯಿರಿ. ನಮಗೆ ಅರ್ಥವಾಗುತ್ತದೆ. (ಕಣ್ಣು ಹೊಡೆದಿದ್ದೇನೆ, ಕಾಗದದಲ್ಲಿ ಕಾಣುವುದಿಲ್ಲ.)

ನಿಮ್ಮ ಅತ್ತೆ


ಮಾರ್ಚ್ 27

ಪೂಜ್ಯ ಅತ್ತೆಯವರಿಗೆ,

ಲಿಫ್ಟ್ ಅಂದರೆ ಲಿಫ್ಟ್. ದೇವರಾಣೆಗೂ ಲಿಫ್ಟ್. ಕಬ್ಬಿಣದ್ದು, ಒಳಗೆ ಒಂದು ಕನ್ನಡಿ ಇದೆ, ಯಾರೋ ಬಬಲ್ ಗಮ್ ಅಂಟಿಸಿದ್ದಾರೆ.

ನಿಮ್ಮ ಕಾಗದ ಓದಿ ನಕ್ಕೆ, ಆಮೇಲೆ ಹೆದರಿದೆ. ನಾನು ಗುಟ್ಟು ಹೇಳಿದೆ ಅಂತ ನಿಮ್ಮಲ್ಲಿ ಹನ್ನೊಂದು ಜನ ನಂಬಿದ್ದಾರೆ ಅಂದರೆ ನನ್ನ ಕೆಲಸದ ಗತಿ? ಕೈಮುಗಿದು ಕೇಳುತ್ತೇನೆ, ನನ್ನ ಕಾಗದಗಳನ್ನು ಊಟದ ಹೊತ್ತಿನಲ್ಲಿ ಓದಬೇಡಿ.

ಲಿಫ್ಟಿನ ವಿಷಯ ಇನ್ನು ಮುಂದೆ ಬರೆಯುವುದಿಲ್ಲ. ನನ್ನ ಶರ್ಟಿನ ಗುಂಡಿ ಕಿತ್ತುಹೋಗಿದೆ ಅಂತ ಬರೆಯಲೂ ಭಯ. ಹವೆ ಚೆನ್ನಾಗಿದೆ. (ಹವೆ ಅಂದರೆ ಹವೆ.) ಪತ್ರಿಕೆಯಲ್ಲಿ ಬಂದಿರುವಷ್ಟನ್ನು ಹೇಳಬಹುದು: ಕರಡು ಏಪ್ರಿಲ್ ಕೊನೆಗೆ ಪ್ರಕಟವಾಗುತ್ತದೆ, ಆಮೇಲೆ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು. ಅತ್ತೆ, ಅದು ಬಂದಾಗ ದಯವಿಟ್ಟು ಪೂರ್ತಿ ಓದಿ. ಮೊದಲ ಪುಟ ನೋಡಿ ನಿಲ್ಲಿಸಬೇಡಿ.

ನಿಮ್ಮ ಅಳಿಯ


ಮೇ 6

ಅಳಿಯಂದ್ರಿಗೆ,

ಪೂರ್ತಿ ಓದಿದೆವು. ಎರಡೆರಡು ಸಲ ಓದಿದೆವು.

ಇಪ್ಪತ್ತು ವರ್ಷ ತುಂಬುವ ಯಂತ್ರಗಳನ್ನೆಲ್ಲ ಇಳಿಸಬೇಕು. ಅವುಗಳ ಬದಲಿಗೆ ಕಡಿಮೆ ಸಂಖ್ಯೆಯಲ್ಲಿ, ದೂರ ದೂರಕ್ಕೆ, ದೊಡ್ಡವನ್ನು ನಿಲ್ಲಿಸಬೇಕು. ಕೊನೆಯ ಪಟ್ಟಿಯಲ್ಲಿ ನಮ್ಮ ಬೆಟ್ಟವೂ ಇದೆ: ಇಪ್ಪತ್ತೆರಡು ಹೋಗಿ ಆರು. ಆರು! ಇದನ್ನು ಬರೆದ ಕೈ ಯಾವುದೋ ನನಗೆ ಗೊತ್ತಿಲ್ಲ. ನಿಮ್ಮದಲ್ಲ ಅಂತ ನಂಬಿಕೊಂಡಿದ್ದೇನೆ.

ನಮ್ಮಲ್ಲಿ ಲೆಕ್ಕ ಹೀಗೆ: ಇಬ್ಬರು ಹತ್ತುವವರಿಗೆ ನಾಲ್ಕು ಯಂತ್ರ. ಮೊದಲಿನಿಂದಲೂ ಹಾಗೇ. ಆರು ಯಂತ್ರಕ್ಕೆ ಮೂರೇ ಜನ ಸಾಕು. ಉಳಿದ ಎಂಟು ಜನ? ನಾವೆಲ್ಲ ಶೆಡ್ಡಿನಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಿದೆವು. ಆ ಎಂಟು ಜನ ಯಾರು ಅಂತ ಎಲ್ಲರ ತಲೆಯಲ್ಲೂ ಓಡುತ್ತಿತ್ತು. ಉದ್ದಣ್ಣ ಎದ್ದು ಹೋಗಿ ಹೊರಗೆ ನಿಂತ. ಕರಾವಳಿಯ ಕಂಪನಿಯೊಂದರಿಂದ ಅವನಿಗೆ ಕರೆ ಬಂದಿತ್ತಂತೆ, ನನಗೆ ಹೇಳಿರಲಿಲ್ಲ. ಹೋಗುತ್ತಾನೋ ಏನೋ.

ನನಗೆ ಸಿಟ್ಟು ಬಂತು. ಕೂತು ಆಕ್ಷೇಪಣೆ ಬರೆದೆ. ಇಪ್ಪತ್ತೆರಡು ಇಳಿಸಿದರೆ ಇಪ್ಪತ್ತೆರಡು ನಿಲ್ಲಿಸಬೇಕು, ಹಳೆಯ ಗುಂಡಿಯಲ್ಲೇ, ಒಂದಕ್ಕೆ ಒಂದು, ಇಲ್ಲದಿದ್ದರೆ ಈ ನೀತಿ ನಮಗೆ ಬೇಡವೇ ಬೇಡ ಅಂತ. ಹನ್ನೊಂದು ಜನರ ಸಹಿ ಇದೆ, ಮೊದಲನೆಯದು ನನ್ನದು. ಇಲಾಖೆಯ ವಿಳಾಸಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನಿಮ್ಮ ಮೇಜಿಗೇ ಬರುತ್ತದೋ ಏನೋ. ಬಂದರೆ ಅತ್ತೆ ಬರೆದದ್ದು ಅಂತ ಸಡಿಲ ಬಿಡಬೇಡಿ, ಮೇಲಿನವರ ಮುಂದೆ ಗಟ್ಟಿಯಾಗಿ ಓದಿ.

ಅತ್ತೆ


ಮೇ 15

ಮಾನ್ಯರೇ,

ಕರಡು ಗಾಳಿ ವಿದ್ಯುತ್ ನೀತಿಯ ಕುರಿತು ತಾವು ಹಾಗೂ ಇತರ ಹತ್ತು ಮಂದಿ ಸಲ್ಲಿಸಿರುವ ಆಕ್ಷೇಪಣೆಯನ್ನು ಸ್ವೀಕರಿಸಲಾಗಿದೆ. ಸದರಿ ಆಕ್ಷೇಪಣೆಯನ್ನು ನಿಯಮಾನುಸಾರ ಪರಿಶೀಲಿಸಿ, ಅಗತ್ಯವೆನಿಸಿದಲ್ಲಿ ಸ್ಥಳ ವಿಚಾರಣೆ ನಡೆಸಲಾಗುವುದು.

ತಮ್ಮ ವಿಶ್ವಾಸಿ,
ವಿಭಾಗಾಧಿಕಾರಿ, ಗಾಳಿ ವಿಭಾಗ


ಮೇ 22

ವಿಭಾಗಾಧಿಕಾರಿಗಳಿಗೆ,

ಮಾನ್ಯರೇ! ಸದರಿ! ತಮ್ಮ ವಿಶ್ವಾಸಿ!

ನಮ್ಮ ಮನೆಗೆ ಮೊದಲ ಸಲ ಬಂದಾಗ ಟೀ ಚೆಲ್ಲಿಕೊಂಡು, ಮಾವನ ಪ್ಯಾಂಟು ಹಾಕಿಕೊಂಡು ವಾಪಸ್ಸು ಹೋದ ಮನುಷ್ಯ ನನಗೆ "ಮಾನ್ಯರೇ" ಅಂತ ಬರೆದಿದ್ದಾರೆ. ಸಹಿ ನೋಡಿದೆ. ಅದೇ ಬಾಲ ಸುತ್ತಿದ ಸಹಿ, ಮದುವೆಯ ಕಾಗದದಲ್ಲಿ ಇರುವಂಥದ್ದೇ.

ಒಂದು ಸಾಲು ಕೈಯಲ್ಲಿ ಬರೆಯಲು ಆಗಲಿಲ್ಲವೇ? "ಅತ್ತೆ, ಓದಿದೆ" ಅಂತ? ಹೋಗಲಿ, "ಹೂಂ" ಅಂತ?

ಮಾನ್ಯರು


ಜೂನ್ 14

ಅಳಿಯಂದ್ರೇ,

ಸಿಟ್ಟಿನಲ್ಲಿ ಬರೆದೆ, ಬಿಡಿ. ಮೂರು ವಾರವಾಯಿತು, ನಿಮ್ಮಿಂದ ಒಂದು ಗೆರೆಯಿಲ್ಲ. ನಿಮ್ಮ ಹೆಂಡತಿಯನ್ನು ಕೇಳಿದರೆ "ಚೆನ್ನಾಗಿದ್ದಾರಮ್ಮ, ನೀನು ಸುಮ್ನೆ ತಲೆ ಕೆಡಿಸ್ಕೋಬೇಡ" ಅನ್ನುತ್ತಾಳೆ. ಅವಳು ಹಾಗೆ ಅಂದಾಗಲೆಲ್ಲ ಏನೋ ಇದ್ದೇ ಇರುತ್ತದೆ, ಹೆತ್ತವಳಿಗೆ ಗೊತ್ತಾಗುವುದಿಲ್ಲವೇ?

ಹುಷಾರಾಗಿದ್ದೀರಾ? ಮೊಣಕಾಲು ನೋವು ಹೇಗಿದೆ? ನೀತಿ ಗೀತಿ ಮನೆ ಹಾಳಾಗಲಿ. ನಿಮ್ಮ ಲಿಫ್ಟ್ ಸರಿಹೋಯಿತೇ? (ಲಿಫ್ಟ್ ಅಂದರೆ ಲಿಫ್ಟ್.)

ಸ್ಥಳ ವಿಚಾರಣೆಗೆ ಈ ತಿಂಗಳ ಕೊನೆಗೆ ಅಧಿಕಾರಿಗಳು ಬೆಟ್ಟಕ್ಕೇ ಬರುತ್ತಾರಂತೆ. ನೀವೂ ಬರುತ್ತೀರಿ ಅಂದುಕೊಂಡಿದ್ದೇನೆ. ಶೆಡ್ಡು ಗುಡಿಸಿ ಸಾರಿಸಿ ಇಟ್ಟಿದ್ದೇವೆ.

ಅತ್ತೆ


ಜುಲೈ 2

ಅಳಿಯಂದ್ರೇ,

ನೀವು ಬರಲಿಲ್ಲ. ಜೀಪಿನಿಂದ ಮೂವರು ಇಳಿದರು, ಮೂರನೆಯವರು ನೀವೇ ಅಂತ ನಾನು ಕೈಬೀಸಿದೆ. ಯಾವುದೋ ಹೊಸ ಮುಖ, ಪಾಪ, ಅವರೂ ಕೈಬೀಸಿದರು. ನಮ್ಮ ಎದುರು ನಿಲ್ಲಲು ಸಂಕೋಚವಾಯಿತೇ? ಅದನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ. ಮೊದಲು ನಡೆದದ್ದು ಕೇಳಿ, ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ.

ವಿಚಾರಣೆ ಶೆಡ್ಡಿನ ಮುಂದೆಯೇ ನಡೆಯಿತು. ನಿಮ್ಮ ಮೇಲಧಿಕಾರಿ ಮೇಡಂ ಕುರ್ಚಿ ಬೇಡವೆಂದು ಕೇಬಲ್ ಸುತ್ತುವ ಮರದ ಗಾಲಿಯ ಮೇಲೆ ಕೂತರು. ಎದ್ದು ನಿಂತು ಮಾತಾಡಿದೆ ನಾನು. ಒಂದಕ್ಕೆ ಒಂದು, ಹಳೆಯ ಗುಂಡಿಯಲ್ಲೇ, ಒಂದೂ ಕಡಿಮೆಯಾಗಕೂಡದು ಅಂತ ಗುಡುಗಿದೆ. ನಮ್ಮವರೆಲ್ಲ ಚಪ್ಪಾಳೆ. ಮೇಡಂ ಪೂರ್ತಿ ಕೇಳಿಸಿಕೊಂಡು, "ಸರಿಯಮ್ಮ, ಈಗ ಇರೋ ಇಪ್ಪತ್ತೆರಡರಲ್ಲಿ ಯಾವುದು ಕಡಿಮೆ ಕೆಲಸ ಮಾಡುತ್ತೆ?" ಅಂದರು.

ಇದೇನು ದೊಡ್ಡ ಪ್ರಶ್ನೆ! "ಹಿಂದಿನ ಸಾಲು, ಇನ್ಯಾವುದು?" ಅಂದೆ. "ಮುಂದಿನ ಸಾಲಿನವು ಗಾಳೀನೆಲ್ಲ ನುಂಗಿ ನೀರು ಕುಡಿದುಬಿಡ್ತವೆ ಮೇಡಂ. ಹಿಂದಿನವಕ್ಕೆ ಉಳಿಯೋದು ಎಂಜಲು ಗಾಳಿ. ಅದೂ ಸುಳಿ ಸುತ್ಕೊಂಡು ಬರುತ್ತೆ, ರೆಕ್ಕೆ ಅಲ್ಲಾಡಿ ಅಲ್ಲಾಡಿ ಬೋಲ್ಟ್ ಎಲ್ಲ ಸಡಿಲ. ಒತ್ತೊತ್ತಾಗಿ ನಿಲ್ಲಿಸಿದ ಮಹಾನುಭಾವ ಯಾರೋ, ಸಿಕ್ಕಿದ್ರೆ ಕೇಳ್ಬೇಕು."

ಅಷ್ಟು ಹೇಳಿದವಳು ಅಲ್ಲಿಗೇ ನಿಂತೆ. ನಾನು ಹೇಳಿದ್ದು ನನ್ನದೇ ಕಿವಿಗೆ ಆಗ ಬಿತ್ತು. ಈ ಪುಟಾಣಿಗಳೇ ಒಂದರ ಗಾಳಿ ಒಂದು ಕಸಿದುಕೊಳ್ಳುತ್ತಿರುವಾಗ, ಇವುಗಳ ಮೂರರಷ್ಟು ಎತ್ತರದವನ್ನು ಅದೇ ಗುಂಡಿಗಳಲ್ಲಿ ನಿಲ್ಲಿಸಿ ಅಂತ ಸಹಿ ಹಾಕಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದವಳು ನಾನೇ ತಾನೇ! ಯಾವ ಕಂಪನಿ ಅಂಥ ಕಡೆ ಯಂತ್ರ ನಿಲ್ಲಿಸುತ್ತದೆ? ಒಬ್ಬರೂ ಬರುತ್ತಿರಲಿಲ್ಲ, ಬೆಟ್ಟ ಬೋಳಾಗಿಯೇ ಉಳಿಯುತ್ತಿತ್ತು. ನಮ್ಮ ಕೆಲಸ ಉಳಿಸಲು ಹೋಗಿ ಅದರ ಬುಡಕ್ಕೇ ಕೊಡಲಿ ಹಾಕಿದ್ದೆ.

ಮೇಡಂ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದರು. ಮೊದಲು ಕಿಸಕ್ಕೆಂದವನು ಉದ್ದಣ್ಣ. "ಅಕ್ಕಾ, ಆ ಮಹಾನುಭಾವರ ಸಾಲಿಗೆ ನಾವೂ ಸೇರಿದ್ವಲ್ಲ!" ಅಂದ. ಅಷ್ಟೇ. ಶುರುವಾದ ನಗು ನಿಲ್ಲಲೇ ಇಲ್ಲ. ನಾನು ಮೇಡಂ ಪಕ್ಕದಲ್ಲೇ ಗಾಲಿಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಮೇಡಂ ಕೂಡ. ಆ ಹೊಸ ಮುಖದವರು ಇದನ್ನೆಲ್ಲ ಬರೆದುಕೊಳ್ಳಬೇಕೋ ಬೇಡವೋ ಅಂತ ಪೆನ್ನು ಹಿಡಿದು ನಿಂತಿದ್ದರು.

ನಗು ಮುಗಿದ ಮೇಲೆ ಮೇಡಂ, "ಹಾಗಾದ್ರೆ ನಿಮಗೆ ನಿಜವಾಗಿ ಏನು ಬೇಕು?" ಅಂತ ಕೇಳಿದರು. ಆಗ ನನಗೆ ತಿಳಿಯಾಗಿ ಕಂಡಿತು. "ಯಂತ್ರ ಎಷ್ಟಾದ್ರೂ ಇರ್ಲಿ ಮೇಡಂ, ದೊಡ್ಡದಕ್ಕೆ ಕೈಯೂ ಜಾಸ್ತಿ ಬೇಕು. ಎತ್ತರದ್ದು ಹತ್ತೋಕೆ ನಮಗೆ ಭಯ ಇಲ್ಲ, ಕಲಿಯೋಕೆ ನಾಚಿಕೆ ಇಲ್ಲ. ಹೊಸ ಯಂತ್ರ ತಂದವರು ಹೊಸ ಜನಾನೂ ತರ್ತಾರಲ್ಲ, ಅದು ನಮ್ಮ ಭಯ. ನಮ್ಮನ್ನೇ ಕಲಿಸಿ, ನಮ್ಮನ್ನೇ ಇಟ್ಕೊಳ್ಳಿ ಅಂತ ನಿಮ್ಮ ನೀತೀಲಿ ಬರೀರಿ. ಅದೊಂದು ಸಾಲು ಸಾಕು" ಅಂದೆ. ಮೇಡಂ ಅದನ್ನು ಮಾತ್ರ ತಾವೇ ಬರೆದುಕೊಂಡರು. ನೀತಿಗೆ ಸೇರಿಸುತ್ತೇನೆ ಅಂತ ಮಾತು ಕೊಡಲಿಲ್ಲ.

ಹಾಗಾಗಿ ಆರು ಅಂತ ಬರೆದ ಕೈ ಸರಿಯಾಗಿಯೇ ಬರೆದಿತ್ತು. ಅದು ಯಾರದ್ದಾದರೂ ಆಗಲಿ, ಅತ್ತೆ ಮಾತು ವಾಪಸ್ಸು ತೆಗೆದುಕೊಂಡಳು ಅಂತ ತಿಳಿಸಿಬಿಡಿ. ಇನ್ನಾದರೂ ಕಾಗದ ಬರೆಯಿರಿ. ನಿಮ್ಮ ಹಾಳು ಮೌನ ನನಗೆ ಸಾಕಾಗಿದೆ.

ಅತ್ತೆ


ಸೆಪ್ಟೆಂಬರ್ 20

ಪ್ರೀತಿಯ ಅತ್ತೆಗೆ,

ಇವತ್ತು ಬೆಳಿಗ್ಗೆ ನೀತಿ ರಾಜ್ಯಪತ್ರದಲ್ಲಿ ಅಚ್ಚಾಯಿತು. ಇವತ್ತೇ ಮಧ್ಯಾಹ್ನ ಬರೆಯುತ್ತಿದ್ದೇನೆ. ಊಟ ಮಾಡಿಲ್ಲ, ನಿಮ್ಮ ಮಗಳಿಗೆ ಹೇಳಬೇಡಿ.

ಮೊದಲು ನೀವು ಬೈಯುವ ವಿಷಯ. ಮೇ ತಿಂಗಳಲ್ಲಿ ಬಂದ ಆಕ್ಷೇಪಣೆಗಳಿಗೆಲ್ಲ ಒಂದೇ ನಮೂನೆಯ ಉತ್ತರ ಹೋಗಬೇಕಿತ್ತು. ಮೇಲಿಂದ ಮೇಲೆ ಸಹಿ ಹಾಕುತ್ತಾ ಹೋದೆ. ನಿಮ್ಮದಕ್ಕೆ ಸಹಿ ಹಾಕುವಾಗ ಕೈ ನಿಂತಿತು, ಆದರೂ ಹಾಕಿದೆ. ನಂತರ ಎದ್ದು ನೇರ ಮೇಡಂ ಕೋಣೆಗೆ ಹೋಗಿ, "ಮೇಡಂ, ಇದರಲ್ಲಿ ಮೊದಲ ಸಹಿ ನಮ್ಮ ಅತ್ತೆಯದು" ಅಂದೆ. ಮೇಡಂ ಕಾಗದ ಓದಿ, "ಅತ್ತೆಯವರು ನಿಮ್ಮನ್ನ ಎದುರಿಸೋ ಹಾಗಿದೆಯಲ್ರೀ" ಅಂದರು. ಅತ್ತೆಯೇ ಆಕ್ಷೇಪಣೆ ಸಲ್ಲಿಸಿರುವ ಫೈಲನ್ನು ಅಳಿಯ ನೋಡುವಂತಿಲ್ಲ, ಅದು ಇತ್ಯರ್ಥವಾಗುವ ತನಕ ನಿಮಗೆ ಕಾಗದ ಬರೆಯುವಂತೆಯೂ ಇಲ್ಲ. ಸಂಜೆಯ ಹೊತ್ತಿಗೆ ನನ್ನ ಮೇಜು, ಕುರ್ಚಿ, ಹಿಡಿಯಿಲ್ಲದ ಟೀ ಕಪ್ಪು ಎಲ್ಲ ಸೌರಶಕ್ತಿ ವಿಭಾಗಕ್ಕೆ ಹೋದವು. ನಿಮ್ಮ ಅಳಿಯನನ್ನು ಗಾಳಿಯಿಂದ ತೆಗೆದು ಬಿಸಿಲಿಗೆ ಹಾಕಿದರು. ಆ "ಮಾನ್ಯರೇ" ನಾನು ಗಾಳಿ ವಿಭಾಗದಲ್ಲಿ ಹಾಕಿದ ಕೊನೆಯ ಸಹಿ.

ನಿಮ್ಮ ಮಗಳಿಗೆ ಎಲ್ಲವೂ ಗೊತ್ತಿತ್ತು. ನಿಮಗೆ ಹೇಳಿದರೆ ನೀವು ಬಸ್ಸು ಹತ್ತಿ ಬಂದು ಮೇಡಂ ಜೊತೆ ಜಗಳ ಆಡುತ್ತೀರಿ ಅಂತ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ನಿಮ್ಮ ಮೂರೂ ಕಾಗದಗಳನ್ನು ಅವಳು ಓದಿ ಹೇಳುತ್ತಿದ್ದಳು. ಜೂನ್ ತಿಂಗಳದ್ದನ್ನು ಕೇಳಿದ ಮೇಲೆ ನಾನು ಬಾಲ್ಕನಿಯಲ್ಲಿ ಸ್ವಲ್ಪ ಹೊತ್ತು ಒಬ್ಬನೇ ನಿಂತಿದ್ದೆ.

ಇನ್ನು ನಾನು ಹೇಳಬೇಕಾದ ಮಾತು. ಆರು ಅಂತ ಬರೆದ ಕೈ ನನ್ನದೇ ಅತ್ತೆ. ಆ ವಿಭಾಗಕ್ಕೆ ಬಂದ ದಿನದಿಂದ ನಿಮ್ಮ ಬೆಟ್ಟ ನನ್ನ ತಲೆಯಲ್ಲಿತ್ತು. ಹೊಸ ಯಂತ್ರ ಹಳೆಯ ಗುಂಡಿಯಲ್ಲೇ, ಹಳೆಯ ಎತ್ತರದಲ್ಲೇ ನಿಲ್ಲಬೇಕು ಅಂತ ಹಿಂದೊಮ್ಮೆ ಯಾರೋ ನಿಯಮ ಮಾಡಿದ್ದರು. ಅನುಮತಿಗಳೆಲ್ಲ ನಿಂತುಹೋದದ್ದು ಅದರಿಂದಲೇ, ಯಾಕೆಂದರೆ ಆ ಅಳತೆಯದನ್ನು ಈಗ ಯಾರೂ ಮಾಡುವುದಿಲ್ಲ. ಆ ನಿಯಮ ಕಿತ್ತುಹಾಕಿಸಲು ಮೇಲಿನವರ ಹತ್ತಿರ ಎಷ್ಟು ಸಲ ಬೈಸಿಕೊಂಡೆನೋ. ಅದನ್ನು ಕಿತ್ತುಹಾಕುವ ಮಾತು ಕರಡಿಗೆ ಸೇರಿದ ದಿನ ಮನೆಗೆ ಬಂದು ಸುಮ್ಮನೆ ನಗುತ್ತಾ ಕೂತಿದ್ದೆ, ನಿಮ್ಮ ಮಗಳು ಹಲ್ಲುನೋವಾ ಅಂತ ಕೇಳಿದಳು. ಆಮೇಲೆ ನಿಮ್ಮ ಆಕ್ಷೇಪಣೆ ಬಂತು, ಆ ಹಳೆಯ ನಿಯಮವೇ ಬೇಕು ಅಂತ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆದರೆ ನೀವು ಜಗಳಕ್ಕೆ ನಿಂತದ್ದೇ ಒಳ್ಳೆಯದಾಯಿತು. ನನ್ನ ಕರಡಿನಲ್ಲಿ ಎತ್ತರ, ಅಂತರ, ಕರೆಂಟಿನ ಲೆಕ್ಕ ಎಲ್ಲವೂ ಇತ್ತು, ಜನರ ಬಗ್ಗೆ ಒಂದಕ್ಷರ ಇರಲಿಲ್ಲ. ನಿಮ್ಮ ಶೆಡ್ಡಿನಲ್ಲಿ ಊಟ ಮಾಡಿದವನಿಗೂ ಅದು ಹೊಳೆಯಲಿಲ್ಲ ನೋಡಿ. ಈಗ ಹದಿನಾಲ್ಕನೆಯ ಪುಟದಲ್ಲಿದೆ. ಓದುತ್ತೇನೆ, ಈ ಸಲ ಬೇಕಾದರೆ ಊಟದ ಹೊತ್ತಿನಲ್ಲೇ ಎಲ್ಲರಿಗೂ ಹೇಳಿ: "ಹಳೆಯ ಯಂತ್ರಗಳ ನಿರ್ವಹಣೆಯಲ್ಲಿ ತೊಡಗಿರುವ ಸಿಬ್ಬಂದಿಗೆ ಅನುಮತಿ ಪಡೆದ ಸಂಸ್ಥೆಯೇ ತರಬೇತಿ ನೀಡತಕ್ಕದ್ದು, ತರಬೇತಿ ಪೂರೈಸಿದ ಎಲ್ಲರನ್ನೂ ಹೊಸ ಯಂತ್ರಗಳ ನಿರ್ವಹಣೆಗೆ ಮೊದಲು ನೇಮಿಸಿಕೊಳ್ಳತಕ್ಕದ್ದು." ಮೇಡಂ ಪದ ಒಂದೂ ಬಿಡದೆ ಮೇಲಿನವರ ಹತ್ತಿರ ಒಪ್ಪಿಸಿದರು. ಕರೆಂಟನ್ನು ಕೊಳ್ಳುವ ಮಾತೂ ವಾಪಸ್ಸು ಬಂದಿದೆ, ಈ ಸಲ ಇಪ್ಪತ್ತೈದು ವರ್ಷಕ್ಕೆ. ನಿಮ್ಮ ಪಕ್ಕದ ಬೆಟ್ಟಕ್ಕೆ ಆಗಲೇ ಇಬ್ಬರು ಅರ್ಜಿ ಹಾಕಿದ್ದಾರೆ.

ಈ ಕಾಗದದಲ್ಲಿ ಒಳಾರ್ಥ ಯಾವುದೂ ಇಲ್ಲ. ಖುಷಿ ಅಂದರೆ ಖುಷಿ.

ನಿಮ್ಮ ಅಳಿಯ


ಸೆಪ್ಟೆಂಬರ್ 28

ನನ್ನ ಬಂಗಾರದ ಅಳಿಯಂದ್ರೇ,

ಎಂಥಾ ಮನುಷ್ಯರಪ್ಪಾ ನೀವು! ಇಷ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಹೇಗೆ ಉಂಡಿರಿ, ಹೇಗೆ ಮಲಗಿದಿರಿ? ನನ್ನಿಂದ ನಿಮ್ಮ ಮೇಜು ಕುರ್ಚಿ ಹೋಯಿತು ಅಂತ ಓದಿದಾಗ ನಾನು ಬೈದ ಒಂದೊಂದು ಮಾತೂ ನೆನಪಾಯಿತು. ಎದುರಿಗೆ ಇದ್ದಿದ್ದರೆ ಎರಡೂ ಕೈಯಲ್ಲಿ ಗಲ್ಲ ಹಿಡಿದು ದೃಷ್ಟಿ ತೆಗೆಯುತ್ತಿದ್ದೆ. ನಿಮ್ಮ ಹೆಂಡತಿಗೆ ಮಾತ್ರ ಸರಿಯಾಗಿ ಮಾಡುತ್ತೇನೆ ಇರಲಿ, ಹೆತ್ತ ತಾಯಿಗೇ ಟೋಪಿ ಹಾಕಿದಳಲ್ಲ!

ಹದಿನಾಲ್ಕನೆಯ ಪುಟದ ಆ ಸಾಲನ್ನು ಓದಿದೆ. ಮೊದಲ ಸಲ ಯಾರಿಗೂ ನಂಬಿಕೆ ಬರಲಿಲ್ಲ. ಎರಡನೆಯ ಸಲ ಉದ್ದಣ್ಣ ನನ್ನ ಕೈಯಿಂದ ಕಾಗದ ಕಸಿದುಕೊಂಡು ತಾನೇ ಓದಿದ. "ಎಲ್ಲರನ್ನೂ ಅಂತ ಇದೆ" ಅಂದ. ಮತ್ತೆ, "ಎಲ್ಲರನ್ನೂ ಅಂದ್ರೆ ಎಲ್ಲರನ್ನೂ ತಾನೇ, ಬೇರೆ ಅರ್ಥ ಏನೂ ಇಲ್ಲ ತಾನೇ?" ಅಂತ ನನ್ನ ಮುಖ ನೋಡಿದ. ಇಲ್ಲಪ್ಪಾ ಅಂದೆ. ಕರಾವಳಿಯವರಿಗೆ ಬರುವುದಿಲ್ಲ ಅಂತ ಆ ಸಂಜೆಯೇ ತಿಳಿಸಿಬಿಟ್ಟ.

ತರಬೇತಿ ಬರುವ ತಿಂಗಳಿಂದ. ಪುಸ್ತಕ, ಪರೀಕ್ಷೆ ಎಲ್ಲ ಇದೆಯಂತೆ. ನನಗೆ ಪರೀಕ್ಷೆ ಅಂದರೆ ಈಗಲೂ ಬೆವರುತ್ತದೆ. ನೀವು ಓದಿಕೊಂಡವರು, ಹೇಗೆ ಪಾಸಾಗುವುದು ಅಂತ ನಾಲ್ಕು ಸಾಲು ಬರೆಯಿರಿ. ಇದು ಸರ್ಕಾರದ ಗುಟ್ಟೇನಲ್ಲ.

ನಿಮ್ಮ ಅತ್ತೆ


ನವೆಂಬರ್ 11

ಅಳಿಯಂದ್ರೇ,

ಹೋದ ವರ್ಷ ಇಷ್ಟೊತ್ತಿಗೆ ನಾನು ಮೊದಲ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಮುಖ ಊದಿಸಿಕೊಂಡು ಕೂತಿದ್ದೆ. ನೀವು ಫೋನಿನಲ್ಲಿ "ಹೂಂ, ಹೂಂ" ಅನ್ನುತ್ತಲೇ ನನಗೆ ಇಡೀ ಪುಸ್ತಕ ಪಾಠ ಮಾಡಿದ್ದಿರಿ. ಎರಡನೆಯ ಸಲ ಪಾಸಾದೆ, ಉದ್ದಣ್ಣನಿಗಿಂತ ಎರಡು ಅಂಕ ಹೆಚ್ಚು. ಅವನು ಅದನ್ನು ಇನ್ನೂ ಒಪ್ಪಿಕೊಂಡಿಲ್ಲ.

ನಿನ್ನೆ ಮೊದಲನೆಯ ಹೊಸ ಯಂತ್ರ ತಿರುಗಿತು!

ಗಾಳಿ ಬೆಳಗಿನಿಂದ ಚೆನ್ನಾಗಿತ್ತು. ಬ್ರೇಕ್ ಬಿಟ್ಟರು. ರೆಕ್ಕೆ ಕದಲಲಿಲ್ಲ. ಯಾರೋ ಕೆಮ್ಮಿದರು. ಆಮೇಲೆ ಮೆಲ್ಲಗೆ ಒಂದು ರೆಕ್ಕೆ ನಮ್ಮ ತಲೆಯ ಮೇಲೆ ಇಳಿದುಬಂತು, ಅದರ ನೆರಳು ನಮ್ಮ ಮೇಲೆ ಹಾದುಹೋಯಿತು, ಹಿಂದೆಯೇ ಇನ್ನೊಂದು. ಸದ್ದೇ ಇಲ್ಲ ಅಳಿಯಂದ್ರೇ! ಹಳೆಯವುಗಳ ಗಲಾಟೆ ಕೇಳಿ ಬೆಳೆದ ಕಿವಿಗಳು ನಮ್ಮವು. ಕೆಟ್ಟುಹೋಗಿದೆಯೇನೋ ಅಂತ ಹೆದರಿ ಒಳಗೆ ಓಡಿದರೆ, ಪರದೆಯ ಮೇಲೆ ಅಂಕಿ ಏರುತ್ತಿದೆ, ಏರುತ್ತಲೇ ಇದೆ. ಹಿಂದಿನ ಸಾಲು ಪೂರ್ತಿ ಸೇರಿ ಕೊಡುತ್ತಿದ್ದಷ್ಟನ್ನು ಇದೊಂದೇ ಟೀ ಕುಡಿಯುವಷ್ಟರಲ್ಲಿ ದಾಟಿತು. ಉದ್ದಣ್ಣ ನನ್ನನ್ನು ಎತ್ತಿ ಒಂದು ಸುತ್ತು ಸುತ್ತಿಸಿದ. ಇಳಿಸೋ ಮಾರಾಯಾ, ಸೊಂಟ ಹೋಗುತ್ತೆ ಅಂತ ಕೂಗಿದೆ, ನಗುತ್ತಲೇ ಇದ್ದೆ.

ಅದಾದ ಮೇಲೆ ಕಂಪನಿಯ ಮ್ಯಾನೇಜರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನೇಮಕದ ಆದೇಶ ಕೊಟ್ಟರು. ಹನ್ನೊಂದು ಜನಕ್ಕೂ. ಯಾರ ಕೈಯೂ ಖಾಲಿ ಉಳಿಯಲಿಲ್ಲ. ಸರ್ಕಾರ ಕರೆಂಟು ಕೊಳ್ಳುವ ತನಕ ನಮ್ಮ ಕೆಲಸವೂ ಉಂಟು, ಅಂದರೆ ಇಪ್ಪತ್ತೈದು ವರ್ಷ. ಎಲ್ಲರದ್ದೂ ಒಂದೇ ನಮೂನೆ, ಹೆಸರು ಮಾತ್ರ ಬೇರೆ.

ನನ್ನ ಆದೇಶವನ್ನು ಕನ್ನಡಕ ಹಾಕಿಕೊಂಡು ಓದಿದೆ. ಅದರಲ್ಲೂ ಇಪ್ಪತ್ತೈದು ವರ್ಷ ಅಂತಲೇ ಇದೆ. ನನಗೆ ಈಗ ಐವತ್ತಾರು. ಲೆಕ್ಕ ಹಾಕಿ. ಎಂಬತ್ತೊಂದನೆಯ ವಯಸ್ಸಿನ ತನಕ ಈ ಮುದುಕಿ ಬೆಲ್ಟ್ ಕಟ್ಟಿಕೊಂಡು ಆ ಕಂಬ ಹತ್ತಬೇಕು! ಮ್ಯಾನೇಜರಿಗೂ ಅಷ್ಟರಲ್ಲಿ ಹೊಳೆಯಿತು. ನಾಲಿಗೆ ಕಚ್ಚಿಕೊಂಡು, "ಅಯ್ಯೋ, ಕೊಡಿಯಮ್ಮ, ನಿಮ್ಮದನ್ನ ತಿದ್ದಿಕೊಡ್ತೀನಿ" ಅಂತ ಕೈಚಾಚಿದರು.

ಕೊಡಲಿಲ್ಲ. ಕಾಗದವನ್ನು ಬೆನ್ನ ಹಿಂದೆ ಇಟ್ಟುಕೊಂಡು, "ಅಚ್ಚಾದದ್ದು ಅಚ್ಚಾಯ್ತು ಸ್ವಾಮಿ, ಇನ್ನು ಅದನ್ನ ಮುಟ್ಟಬೇಡಿ" ಅಂದೆ.

ನಿಮ್ಮ ಅತ್ತೆ